ಹನುಮಂತನಗರದ ಡಿಟಿಪಿ ಅಂಗಡಿ: ನನ್ನ ಲೇಖನವನ್ನು ಕಿವಿಯಿಂದ ತಿದ್ದಿದವರು

ಲೇಖನ ಒಪ್ಪಿಗೆಯಾಗಿದೆ ಅಂತ ಜರ್ನಲ್‌ನಿಂದ ಮೇಲ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಮೂರು ಸಲ ತಿದ್ದಿ, ಒಂದೂವರೆ ವರ್ಷ ಕಾದು ಸಿಕ್ಕ ಒಪ್ಪಿಗೆ ಅದು. ಮಾರನೇ ದಿನವೇ ಇನ್ನೊಂದು ಮೇಲ್. ಅಂತಿಮ ಪ್ರತಿ ಹದಿನಾಲ್ಕು ದಿನದೊಳಗೆ ಬೇಕು. ವಿಮರ್ಶಕರಿಗೆ ಗೊತ್ತಾಗಬಾರದು ಅಂತ ತೆಗೆದಿದ್ದ ನನ್ನ ಹೆಸರು, ಕಾಲೇಜಿನ ವಿಳಾಸ ಮತ್ತೆ ಸೇರಿಸಬೇಕು. ಚಿತ್ರಗಳು ಬೇರೆ ಬೇರೆ ಫೈಲ್, 300 ಡಿಪಿಐ. ಕೋಷ್ಟಕಗಳನ್ನು ಫೋಟೊ ತೆಗೆದು ಅಂಟಿಸುವಂತಿಲ್ಲ. ಉಲ್ಲೇಖಗಳೆಲ್ಲ ಎಪಿಎ ಅನ್ನುವ ಉಲ್ಲೇಖ ಪದ್ಧತಿಯ ಏಳನೇ ಆವೃತ್ತಿಯ ಪ್ರಕಾರ. ಎಲ್ಲದರ ಕೊನೆಗೆ, ಕಣ್ಣು ಕಾಣದ ಓದುಗರಿಗೂ ಲೇಖನ ತಲುಪುವ ಹಾಗೆ ಹೆಡಿಂಗ್‌ಗಳಿಗೆ ಸ್ಟೈಲ್, ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅಂತ ಹೇಳುವ ಬರಹ.

ಈ ಕೆಲಸ ಮಾಡಿಕೊಟ್ಟ ಅಂಗಡಿಯ ಬಗ್ಗೆ ಬರೆಯಲೇಬೇಕು ಅನ್ನಿಸಿತು. ನನ್ನ ಹಾಗೆ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಾ, ರಾತ್ರಿ ಕೂತು ಲೇಖನ ಬರೆಯುವವರು ಈ ಊರಿನಲ್ಲಿ ಬಹಳ ಜನ ಇದ್ದೀರಿ. ನಮಗೆ ಈ ಹಂತದಲ್ಲಿ ಕೈ ಹಿಡಿಯುವವರು ಕಡಿಮೆ.

ನನ್ನ ಲೇಖನ ಬೆಂಗಳೂರು ಸುತ್ತಮುತ್ತಲಿನ ನೀರುಗಂಟಿಗಳ ಬಗ್ಗೆ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇಟ್ಟು ಹಂಚುತ್ತಿದ್ದವರು ಅವರು. ಅವರ ಮನೆಗಳಿಗೆ ಹೋಗಿ ಮಾತಾಡಿಸಿದ್ದೆ. ಅವರ ಮಾತುಗಳನ್ನು ಕನ್ನಡದಲ್ಲೇ ಕೊಟ್ಟು, ಕೆಳಗೆ ಇಂಗ್ಲಿಷ್ ಅನುವಾದ ಹಾಕಿದ್ದೆ. 24 ಪುಟ, 5 ಚಿತ್ರ, 3 ಕೋಷ್ಟಕ, 62 ಉಲ್ಲೇಖ.

ಮೊದಲು ಬೇರೆ ಒಂದು ಕಡೆ ಕೊಟ್ಟಿದ್ದೆ. ಅದು ಯಾವುದು ಅಂತ ಹೇಳುವುದು ಬೇಡ. ಎರಡೇ ದಿನಕ್ಕೆ ಮಾಡಿಕೊಟ್ಟರು, ನೋಡಲು ಚೆನ್ನಾಗಿಯೇ ಇತ್ತು. ಆದರೆ ಹೆಡಿಂಗ್‌ಗಳನ್ನು ಸುಮ್ನೆ ಬೋಲ್ಡ್ ಮಾಡಿ ಅಕ್ಷರ ದೊಡ್ಡದು ಮಾಡಿದ್ದರು. ಸಾಲುಗಳನ್ನು ಸ್ಪೇಸ್ ಒತ್ತಿ ಒತ್ತಿ ಕೂರಿಸಿದ್ದರು. ಫೋಟೊದ ಡಿಪಿಐ 72 ಅಂತ ಇದ್ದ ಕಡೆ 300 ಅಂತ ಬದಲಾಯಿಸಿದ್ದರು, ಅಷ್ಟೇ. ಜರ್ನಲ್‌ನವರು ವಾಪಸ್ ಕಳಿಸಿದರು. ಹದಿನಾಲ್ಕರಲ್ಲಿ ಐದು ದಿನ ಹೋಗಿತ್ತು.

ಆಗ ಸಹೋದ್ಯೋಗಿಯೊಬ್ಬರು ಈ ಅಂಗಡಿ ಹೇಳಿದರು. ಗಾಂಧಿ ಬಜಾರ್ ಕಡೆಯಿಂದ ಹನುಮಂತನಗರಕ್ಕೆ ಹೋಗುವಾಗ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿ ಪಕ್ಕ. ಬೋರ್ಡಿನಲ್ಲಿ ಹೆಸರಿಲ್ಲ. ‘ಡಿಟಿಪಿ, ಜೆರಾಕ್ಸ್, ಬೈಂಡಿಂಗ್’ ಅಂತ ಮಾತ್ರ ಇದೆ. ಒಳಗೆ ಎರಡು ಕಂಪ್ಯೂಟರ್, ಗೋಡೆಯವರೆಗೂ ಪಿಎಚ್‌ಡಿ ಪ್ರಬಂಧಗಳ ರಾಶಿ. ಅಂಗಡಿಯವರಿಗೆ ಅರವತ್ತರ ಹತ್ತಿರ. ಹುಡುಗರಾಗಿದ್ದಾಗ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರಂತೆ. ಆಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಕಲಿತು ಇಲ್ಲಿ ಕೂತವರು. ಎರಡನೇ ಕಂಪ್ಯೂಟರಿನ ಮುಂದೆ ಅವರ ಅಕ್ಕನ ಮಗ. ಬಿ.ಎ. ಓದಿದ್ದಾರೆ. ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರಿನ ಪರದೆ ಆಫ್ ಆಗಿಯೇ ಇರುತ್ತದೆ.

ಪೆನ್ ಡ್ರೈವ್ ಕೊಟ್ಟೆ. ಅಂಗಡಿಯವರು ಫೈಲ್ ತೆರೆದು ತಾವು ನೋಡಲೇ ಇಲ್ಲ. “ಮೊದಲು ಅವನು ಕೇಳಲಿ ಮೇಡಂ” ಅಂದರು.

ಅಕ್ಕನ ಮಗ ಬಳಸುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್. ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದದ್ದು, ಪೂರ್ತಿ ಉಚಿತ. ನನಗೂ ಕೇಳಲಿ ಅಂತ ಇಯರ್‌ಫೋನ್ ತೆಗೆದು ಸ್ಪೀಕರ್ ಹಾಕಿದರು. ವೇಗ ಕಡಿಮೆ ಮಾಡಿದರು. ಕೀಬೋರ್ಡಿನಲ್ಲಿ ‘ಎಚ್’ ಒತ್ತಿದರೆ ಅದು ಮುಂದಿನ ಹೆಡಿಂಗ್‌ಗೆ ಹಾರಬೇಕು. ಒತ್ತಿದರು. ‘ನೋ ನೆಕ್ಸ್ಟ್ ಹೆಡಿಂಗ್’ ಅಂದಿತು. ಏಳು ಭಾಗ ಮಾಡಿ ಜೋಡಿಸಿದ ಲೇಖನ ನನ್ನದು. ಅವರ ಕಿವಿಗೆ ಅದು 24 ಪುಟದ ಒಂದೇ ಉಸಿರಿನ ಮಾತಾಗಿತ್ತು. “ಇದರಲ್ಲಿ ನಿಮ್ಮ ತೀರ್ಮಾನ ಎಲ್ಲಿದೆ ಅಂತ ಹುಡುಕಬೇಕಾದ್ರೆ ನಾನು ಮೊದಲಿನಿಂದ ಕೇಳ್ತಾ ಬರಬೇಕು ಮೇಡಂ” ಅಂದರು. ಬೋಲ್ಡ್ ಮಾಡುವುದಕ್ಕೂ ಹೆಡಿಂಗ್ ಸ್ಟೈಲ್ ಕೊಡುವುದಕ್ಕೂ ಏನು ವ್ಯತ್ಯಾಸ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಆಮೇಲೆ ನೀರುಗಂಟಿಗಳ ಮಾತು ಬಂತು. ಕನ್ನಡದ ಸಾಲುಗಳು. ಸ್ಪೀಕರಿನಿಂದ ಬಂದದ್ದು ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡ್ ಗುರುತಿನ ಹೆಸರು, ಮತ್ತೆ ಏನೇನೋ. ಒಂದು ಪದವೂ ತಿಳಿಯಲಿಲ್ಲ. ನಾನು ಆ ಸಾಲುಗಳನ್ನು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಕನ್ನಡ ಕನ್ನಡವಾಗಿಯೇ ತಿಳಿಯುವ ಯುನಿಕೋಡ್‌ನಲ್ಲಲ್ಲ. ಹಳೆಯ ನುಡಿಯಲ್ಲಿ ‘ಕನ್ನಡ’ ಅಂತ ಬರೆದರೆ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು. ಅದರ ಮೇಲೆ ಕನ್ನಡದ ಅಕ್ಷರದ ಆಕಾರ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿಗೂ ಕಿವಿಯಲ್ಲಿ ಓದುವವರಿಗೂ ಅದು ಕನ್ನಡವೇ ಅಲ್ಲ.

ನನಗೆ ಆ ಕ್ಷಣ ಬಹಳ ಸಂಕಟವಾಯಿತು. ಎಂಬತ್ತು ದಾಟಿದ ಅಜ್ಜ ಒಬ್ಬರು ಜಗಲಿ ಮೇಲೆ ಕೂತು, ಕೈಯಲ್ಲಿ ಅಳತೆ ತೋರಿಸುತ್ತಾ ಹೇಳಿದ ಮಾತು ಅದು. ಅವರ ಮಾತು ಅವರ ಭಾಷೆಯಲ್ಲೇ ಇರಲಿ ಅಂತ ವಿಮರ್ಶಕರ ಜೊತೆ ವಾದ ಮಾಡಿ ಉಳಿಸಿಕೊಂಡಿದ್ದೆ.

ಅಂಗಡಿಯವರು ಎಲ್ಲವನ್ನೂ ಯುನಿಕೋಡ್‌ಗೆ ಬದಲಾಯಿಸಿದರು. ಕನ್ವರ್ಟರ್‌ಗೆ ಹಾಕಿ ಬಿಟ್ಟುಬಿಡಲಿಲ್ಲ. ಅರ್ಕಾವತ್ತು ಇದ್ದ ಕಡೆ, ಎರಡು ಒತ್ತಕ್ಷರ ಸೇರಿದ ಕಡೆ ತಪ್ಪಾಗಿತ್ತು. ಸಾಲು ಸಾಲಾಗಿ ಕಣ್ಣಲ್ಲಿ ನೋಡಿ ತಿದ್ದಿದರು. ಆಮೇಲೆ ಆ ಸಾಲುಗಳನ್ನು ಆಯ್ಕೆ ಮಾಡಿ, ವರ್ಡ್‌ನಲ್ಲಿ ಭಾಷೆ ಕನ್ನಡ ಅಂತ ಗುರುತು ಹಾಕಿದರು. ಅದಿದ್ದರೆ ರೀಡರ್ ಇಂಗ್ಲಿಷ್ ದನಿ ಬಿಟ್ಟು ಕನ್ನಡದ ದನಿಗೆ ಬರುತ್ತದೆ. ಮತ್ತೆ ಓದಿಸಿದಾಗ ಯಂತ್ರದ ಒರಟು ದನಿಯಲ್ಲೇ ಆದರೂ ಅಜ್ಜನ ಮಾತು ಅಕ್ಷರ ಬಿಡದೆ ಕೇಳಿಸಿತು.

ಆಲ್ಟ್ ಟೆಕ್ಸ್ಟ್ ವಿಷಯದಲ್ಲಿ ಇವರ ರೀತಿ ನನಗೆ ಬಹಳ ಇಷ್ಟವಾಯಿತು. ಬೇರೆಯವರಾದರೆ ತಾವೇ ಏನೋ ಒಂದು ಬರೆದು ತುಂಬಿಬಿಡುತ್ತಾರೆ. ಇವರು ಬರೆಯುವುದಿಲ್ಲ. “ಚಿತ್ರ ಯಾಕೆ ಹಾಕಿದ್ದೀರಿ ಅಂತ ನಿಮಗೇ ಗೊತ್ತಿರೋದು, ನೀವೇ ಹೇಳಿ” ಅಂದರು. ನಾನು ಒಂದು ಫೋಟೊಗೆ ‘ಕೆರೆಯ ತೂಬು’ ಅಂತ ಬರೆದುಕೊಂಡು ಹೋಗಿದ್ದೆ. ಆ ಹುಡುಗ ಕೇಳಿದರು: “ತೂಬು ಅಂದ್ರೆ ಹೇಗಿರುತ್ತೆ ಮೇಡಂ?”

ಫೋಟೊ ನೋಡುತ್ತಾ ಹೇಳಿದೆ. ಎರಡು ಕಲ್ಲಿನ ಕಂಬ ಎದುರು ಬದುರು ನಿಂತಿವೆ. ನಡುವೆ ಒಂದರ ಕೆಳಗೊಂದು ಮೂರು ಅಡ್ಡಗಲ್ಲು. ಪ್ರತಿ ಅಡ್ಡಗಲ್ಲಿನ ಮಧ್ಯೆ ದುಂಡನೆ ತೂತು.

“ತೂತು ಯಾಕೆ?”

ಉದ್ದದ ಕೋಲು ಅದರೊಳಗೆ ಇಳಿದು, ಬುಡದಲ್ಲಿರುವ ಕಿಂಡಿಯನ್ನು ಮುಚ್ಚುತ್ತದೆ ಅಂದೆ.

“ಕೋಲು ಫೋಟೊದಲ್ಲಿ ಕಾಣುತ್ತಾ?”

ಇಲ್ಲ.

“ಹಾಗಾದ್ರೆ ಅದು ಆಲ್ಟ್ ಟೆಕ್ಸ್ಟ್‌ನಲ್ಲಿ ಬೇಡ. ಲೇಖನದಲ್ಲಿ ಹೇಳಿದ್ದೀರಲ್ಲ?”

ತೆಗೆದು ನೋಡಿದೆ. ಲೇಖನದಲ್ಲಿ ಎಲ್ಲೂ ಹೇಳಿರಲಿಲ್ಲ. ತೂಬು ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ 24 ಪುಟದಲ್ಲಿ ಇರಲಿಲ್ಲ. ಇಬ್ಬರು ವಿಮರ್ಶಕರೂ ಕೇಳಿರಲಿಲ್ಲ. ಫೋಟೊ ಇದೆಯಲ್ಲ, ಅದೇ ಹೇಳುತ್ತದೆ ಅಂತ ನಾನೂ ಬಿಟ್ಟಿದ್ದೆ. “ನೀರು ಎಲ್ಲಿವರೆಗೆ ಇದೆ?” ಅಂತ ಮತ್ತೆ ಕೇಳಿದರು. ನೀರಿಲ್ಲ, ಕೆರೆ ಒಣಗಿದೆ ಅಂತ ಹೇಳಲು ಹೋಗಿ ಫೋಟೊ ದೊಡ್ಡದು ಮಾಡಿದೆ. ಎರಡನೇ ಅಡ್ಡಗಲ್ಲಿನ ಮಟ್ಟಕ್ಕೆ ಕಂಬದ ಮೇಲೆ ಕಪ್ಪು ಗೆರೆ ಕಂಡಿತು. ಹಿಂದೆ ನೀರು ನಿಲ್ಲುತ್ತಿದ್ದ ಗುರುತು. ಎರಡು ವರ್ಷದಿಂದ ನನ್ನ ಹತ್ತಿರ ಇದ್ದ ಫೋಟೊ ಅದು, ಆ ಗೆರೆ ನಾನು ನೋಡಿರಲಿಲ್ಲ. ಸಂಪಾದಕರಿಗೆ ಮೇಲ್ ಮಾಡಿ ಕೇಳಿದೆ. ಒಪ್ಪಿದರು. ತೂಬಿನ ಬಗ್ಗೆ ಎರಡು ವಾಕ್ಯ ಲೇಖನದೊಳಗೆ ಸೇರಿಸಿದೆ, ಗೆರೆಯ ವಿಷಯ ಆಲ್ಟ್ ಟೆಕ್ಸ್ಟ್‌ಗೆ ಹೋಯಿತು.

ನಕ್ಷೆಯಲ್ಲಿ ಉಳಿದ ಕೆರೆಗಳನ್ನು ಹಸಿರು ಚುಕ್ಕೆಯಲ್ಲಿ, ಹೋದ ಕೆರೆಗಳನ್ನು ಕೆಂಪು ಚುಕ್ಕೆಯಲ್ಲಿ ತೋರಿಸಿದ್ದೆ. ಹಸಿರು ಕೆಂಪು ಬೇರೆ ಮಾಡಿ ನೋಡಲಾಗದವರಿಗೆ ಇಲ್ಲೇ ಪಕ್ಕದ ಕೆಂಪಾಂಬುಧಿ ಕೆರೆಯೂ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ ಹೋದ ಧರ್ಮಾಂಬುಧಿಯೂ ಒಂದೇ ಥರ ಕಾಣುತ್ತವೆ ಅಲ್ವಾ? ಉಳಿದದ್ದಕ್ಕೆ ತುಂಬಿದ ವೃತ್ತ, ಹೋದದ್ದಕ್ಕೆ ಖಾಲಿ ತ್ರಿಕೋನ ಮಾಡಿಸಿದರು. ತಿಳಿ ಹಳದಿಯಲ್ಲಿದ್ದ ಹೆಸರುಗಳನ್ನು ಕಪ್ಪು ಮಾಡಿದರು. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1 ಅನುಪಾತದ ವ್ಯತ್ಯಾಸ ಇರಬೇಕು ಅಂತ ವೆಬ್ ಮಾನದಂಡ ಹೇಳುತ್ತದೆ. ಅದನ್ನು ಅಳೆಯುವ ಸಾಧನ ಇಟ್ಟುಕೊಂಡಿದ್ದಾರೆ, ಅಂದಾಜಿನಲ್ಲಿ ಮಾಡುವುದಿಲ್ಲ. ತಾಲ್ಲೂಕಿನ ಹೆಸರಿಗೆ ಆರು ಚೌಕ (ಸೆಲ್) ಒಟ್ಟು ಸೇರಿಸಿದ್ದ ದೊಡ್ಡ ಕೋಷ್ಟಕವನ್ನು ಒಡೆದು ಎರಡು ಸರಳ ಕೋಷ್ಟಕ ಮಾಡಿದರು. ಚೌಕಗಳನ್ನು ಸೇರಿಸಿದರೆ ರೀಡರ್‌ಗೆ ಯಾವ ಅಂಕಿ ಯಾವ ತಲೆಪಟ್ಟಿಯ ಕೆಳಗೆ ಅನ್ನುವುದು ತಪ್ಪುತ್ತದೆ.

ಫೋಟೊಗಳ ಲೆಕ್ಕ ಅಂಗಡಿಯವರು ಕಾಗದದ ಮೇಲೆ ಬರೆದು ತೋರಿಸಿದರು. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್. ಏಳು ಇಂಚು ಅಗಲ ಬೇಕಾದರೆ 2,100 ಪಿಕ್ಸೆಲ್ ಇರಬೇಕು. ನಾನು ವಾಟ್ಸಾಪ್‌ನಿಂದ ಇಳಿಸಿಕೊಂಡದ್ದು 1,200. ನಾಲ್ಕು ಇಂಚಿಗೆ ಮಾತ್ರ ಸಾಕು. ಅಂಕಿ ತಿದ್ದಿದರೆ ಹೊಸ ವಿವರ ಎಲ್ಲಿಂದ ಬರುತ್ತದೆ? ಮೂಲ ಫೋಟೊ ಹುಡುಕಿಸಿ ತರಿಸಿದರು.

ಉಲ್ಲೇಖಗಳಲ್ಲಿ ಕನ್ನಡ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ ಇಂಗ್ಲಿಷ್ ಅರ್ಥ ಕೊಡಬೇಕಿತ್ತು. ‘ತೂಬು’ ಬರೆಯುವಾಗ ಯು ಮೇಲೆ ಗೀಟು, ‘ಳ’ ಬಂದರೆ ಎಲ್ ಕೆಳಗೆ ಚುಕ್ಕೆ. ಅಚ್ಚುಮೊಳೆಯಲ್ಲಿ ಪಳಗಿದ ಕಣ್ಣು, ಒಂದೂ ಬಿಡಲಿಲ್ಲ.

ಇದೆಲ್ಲ ಜರ್ನಲ್‌ಗಳು ಈಗ ಯಾಕೆ ಇಷ್ಟು ಒತ್ತಿ ಕೇಳುತ್ತವೆ ಅಂತ ವಿಚಾರಿಸಿದೆ. ಅಂಗವಿಕಲರಿಗೂ ಬಳಸಲು ಬರುವ ಹಾಗಿರಬೇಕು ಅನ್ನುವ ಹೊಸ ಕಾನೂನು ಯುರೋಪಿನಲ್ಲಿ 2025ರ ಜೂನ್ 28ರಿಂದ ಜಾರಿಗೆ ಬಂದಿದೆ, ಇ-ಪುಸ್ತಕಗಳೂ ಅದರಡಿ ಬರುತ್ತವೆ, ಪ್ರಕಾಶಕರು ಎಚ್ಚರವಾಗಿದ್ದಾರೆ ಅಂದರು ಅಂಗಡಿಯವರು. ಅಕ್ಕನ ಮಗ ತಕ್ಷಣ, “ನಮ್ಮಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ ಮಾವ. ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಮೊದಲು ಅನುಮೋದನೆ ಕೊಟ್ಟ ದೇಶವೇ ನಮ್ಮದು” ಅಂದರು. ಕಣ್ಣು ಕಾಣದವರು ಓದುವ ರೂಪದಲ್ಲಿ ಪುಸ್ತಕಗಳನ್ನು ಮಾಡಿ ಹಂಚಲು ಕಾಪಿರೈಟ್ ಅಡ್ಡ ಬರಬಾರದು ಅನ್ನುವ ಒಪ್ಪಂದ ಅದು. ಬಿ.ಎ. ಓದುವಾಗ ಅವರಿಗೆ ಬೇಕಾದ ಲೇಖನಗಳಲ್ಲಿ ಜಾಸ್ತಿ ಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿದ್ದವಂತೆ. ಅಂದರೆ ಬರೀ ಚಿತ್ರ. ಗೆಳೆಯರು ಓದಿ ಹೇಳಬೇಕಿತ್ತು. ಗೆಳೆಯರಿಗೆ ಪುರುಸೊತ್ತು ಇದ್ದಾಗ ಮಾತ್ರ ಇವರಿಗೆ ಓದು.

ಕೊರತೆಯನ್ನೂ ಹೇಳುತ್ತೇನೆ. ಇವರದು ನಿಧಾನ. ನನ್ನದಕ್ಕೆ ಆರು ದಿನ ಹಿಡಿಯಿತು, ಅದರಲ್ಲಿ ಮೂರು ದಿನ ನಾನೇ ಹೋಗಿ ಪಕ್ಕದಲ್ಲಿ ಕೂರಬೇಕಾಯಿತು. ಮೇಲ್‌ನಲ್ಲಿ ಕಳಿಸಿ, ಮೇಲ್‌ನಲ್ಲೇ ವಾಪಸ್ ಪಡೆಯುವ ಹಾಗಿಲ್ಲ. ಗಣಿತದ ಸಮೀಕರಣ ಇರುವ ಲೇಖನ ತೆಗೆದುಕೊಳ್ಳುವುದಿಲ್ಲ, ನಮಗೆ ಅದು ಸರಿಯಾಗಿ ಬರಲ್ಲ ಅಂತ ಮೊದಲೇ ಹೇಳುತ್ತಾರೆ. ಪರೀಕ್ಷೆ, ಪ್ರಬಂಧ ಸಲ್ಲಿಸುವ ತಿಂಗಳುಗಳಲ್ಲಿ ಬೈಂಡಿಂಗ್‌ಗೆ ಬಂದ ವಿದ್ಯಾರ್ಥಿಗಳ ನಡುವೆ ಕೂರಲೂ ಜಾಗವಿರುವುದಿಲ್ಲ. ಬಾಗಿಲಲ್ಲಿ ಮೂರು ಎತ್ತರದ ಮೆಟ್ಟಿಲಿವೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಕಷ್ಟ. ಇದನ್ನು ಅವರಿಗೇ ಹೇಳಿದೆ. ಮರದ ಇಳಿಜಾರು ಮಾಡಿಸಲು ಬಡಗಿಗೆ ಹೇಳಿದ್ದಾರಂತೆ.

ದರ ಹೀಗೆ. ಪುಟಕ್ಕೆ 60 ರೂಪಾಯಿ, ಚಿತ್ರ ಅಥವಾ ಕೋಷ್ಟಕಕ್ಕೆ 150, ಒಂದು ಉಲ್ಲೇಖಕ್ಕೆ 20, ನುಡಿಯಿಂದ ಯುನಿಕೋಡ್‌ಗೆ ತಂದದ್ದಕ್ಕೆ ಒಟ್ಟು 500. ನನಗೆ 4,380 ಆಯಿತು. ಹಣ ಕೈಗೆ ಕೊಟ್ಟಾಗ ಮೊದಲು ಅರ್ಧ ಎಣಿಸಿ ಅಕ್ಕನ ಮಗನ ಕೈಗಿಟ್ಟರು. ಕೆಲಸ ಅರ್ಧ ಅವರದೇ ಅಂದರು.

ಜರ್ನಲ್‌ನವರು ಈ ಸಲ ಒಂದೇ ಸಾಲಿನ ಉತ್ತರ ಕಳಿಸಿದರು, ಫೈಲ್‌ಗಳು ಸರಿಯಿವೆ ಅಂತ. ಮೂರು ವಾರದ ನಂತರ ಪ್ರೂಫ್ ಬಂತು. ಅದನ್ನೂ ತೆಗೆದುಕೊಂಡು ಹೋಗಿ ಓದಿಸಿದೆ. ‘ಎಚ್’ ಒತ್ತಿದಾಗ ಏಳು ಹೆಡಿಂಗ್‌ಗಳೂ ಸಾಲಾಗಿ ಬಂದವು. ತೂಬಿನ ಚಿತ್ರದ ಹತ್ತಿರ ಕಂಬ, ಅಡ್ಡಗಲ್ಲು, ತೂತು, ನೀರಿನ ಗೆರೆ ಎಲ್ಲ ಕೇಳಿಸಿತು. ಆದರೆ ಕನ್ನಡದ ಒಂದು ಸಾಲಿನಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು. ಅದನ್ನು ಹಿಡಿದದ್ದು ಆ ಹುಡುಗನ ಕಿವಿಯೇ. ಪ್ರೂಫ್ ಕೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೋಗುವವರು ಪಿಡಿಎಫ್ ಅಲ್ಲ, ವರ್ಡ್ ಫೈಲ್ ಒಯ್ಯಿರಿ. ಫೋಟೊಗಳು ಕ್ಯಾಮೆರಾದಿಂದ ಬಂದ ಹಾಗೇ ಇರಲಿ. ಜರ್ನಲ್‌ನ ಮೇಲ್ ಅನ್ನು ಪೂರ್ತಿ ಪ್ರಿಂಟ್ ತೆಗೆದುಕೊಳ್ಳಿ, ಅಂಗಡಿಯವರು ಪ್ರತಿ ಸಾಲಿಗೂ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗುತ್ತಾರೆ. ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ. ಅದಕ್ಕಿಂತ ಮೊದಲು ಪಕ್ಕದ ಗಿರಣಿ ಓಡುತ್ತಿರುತ್ತದೆ, ಆ ಸದ್ದಿನಲ್ಲಿ ರೀಡರ್ ಕೇಳಿಸುವುದಿಲ್ಲ.