ಚಿತ್ತಾರದ ಚಾಕುವನ್ನು ಸಾಣೆಯಂತ್ರಕ್ಕೆ ಕೊಡುವ ಮುನ್ನ

ಸೋದರಮಾವ ಪ್ರೀತಿಯಿಂದ ಕೊಟ್ಟಿದ್ದ ಡಮಾಸ್ಕಸ್ ಉಕ್ಕಿನ ಚಾಕುವನ್ನು ಒಂದೇ ಮಳೆಗಾಲದಲ್ಲಿ ಕೆಡಿಸಿಕೊಂಡವನು ನಾನು. ಇಂಥ ಚಾಕು ಮನೆಯಲ್ಲಿರುವವರು ದಯವಿಟ್ಟು ಇದನ್ನು ಓದಬೇಕು.

ಹೆಚ್ಚು ಇಂಗಾಲದ ಉಕ್ಕನ್ನೂ ನಿಕಲ್ ಬೆರೆತ ಉಕ್ಕನ್ನೂ ಪದರಪದರವಾಗಿ ಕಾಯಿಸಿ, ಬಡಿದು, ಬೆಸೆದು, ಕೊನೆಗೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ಮೊದಲನೆಯದು ಕಪ್ಪಾಗಿ, ಎರಡನೆಯದು ಬೆಳ್ಳಗೇ ಉಳಿದು ಅಲಗಿನ ಮೇಲೆ ಅಲೆಯಂಥ ಚಿತ್ತಾರ ಮೂಡುತ್ತದೆ. ಪದರಗಳು ಅಲಗಿನ ಒಳಗೂ ಇರುತ್ತವೆ. ಕಣ್ಣಿಗೆ ಕಾಣುವ ಕಪ್ಪು-ಬಿಳುಪು ಮಾತ್ರ ಮೇಲಿನ ತೆಳುವಾದ ಪೊರೆಯಷ್ಟೇ. ಈ ಬಗೆಯ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಅಡುಗೆಮನೆಯ ಉಳಿದ ಸ್ಟೀಲ್ ಚಾಕುಗಳಂತೆ ಇದೂ ಇರುತ್ತದೆಂದು ನಾನು ನಂಬಿದ್ದೆ.

ಬೇಸಿಗೆಯಲ್ಲಿ ಉಪ್ಪಿನಕಾಯಿಗೆಂದು ಅದರಲ್ಲಿ ಮಾವಿನಕಾಯಿ ಹೆಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಶೇಂಗಾ ಎಣ್ಣೆ ಸವರಿ, ಅದರ ಜೊತೆಗೇ ಬಂದಿದ್ದ ಚರ್ಮದ ಒರೆಯೊಳಗೆ ಸೇರಿಸಿಟ್ಟೆ. ಹುಳಿ ಮತ್ತು ಉಪ್ಪಿನ ಅಂಶ ಅಲಗಿನ ಮೇಲೆ ಉಳಿದಿತ್ತು. ಚರ್ಮ ಮಳೆಗಾಲದ ತೇವವನ್ನು ಹೀರಿಕೊಂಡಿತು. ಎರಡು ತಿಂಗಳ ನಂತರ ತೆಗೆದು ನೋಡಿದಾಗ ಎಣ್ಣೆ ಅಂಟಂಟಾಗಿ ಹೆಪ್ಪುಗಟ್ಟಿತ್ತು, ಹಿಡಿಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಕೆಂಪು ಚುಕ್ಕೆಗಳು ಕಾಣಿಸಿದವು.

ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಚಾಕು ಉಳಿಯುತ್ತಿತ್ತು. ಕೊಪ್ಪಳದ ಬಜಾರಿನಲ್ಲಿ ಸಾಣೆ ಹಿಡಿಯುವವರೊಬ್ಬರ ಬಳಿ ಒಯ್ದೆ. "ಹೊಸಾದರಂಗ ಹೊಳೀತೈತಿ, ನೋಡ್ರಿ" ಎಂದು ಅವರು ಯಂತ್ರದ ಗಾಲಿಗೆ ಒತ್ತಿ ಹಿಡಿದರು. ಕಿಡಿಗಳು ಹಾರಿದವು, ನಡುವೆ ಒಮ್ಮೆಯೂ ಅಲಗನ್ನು ನೀರಿಗೆ ಅದ್ದಲಿಲ್ಲ, ನೋಡುತ್ತಿದ್ದಂತೆಯೇ ತುದಿಯ ಅಂಚು ಮೊದಲು ಹುಲ್ಲಿನ ಬಣ್ಣಕ್ಕೂ ಆಮೇಲೆ ನೀಲಿಗೂ ತಿರುಗಿತು. ಉಕ್ಕು ನೀಲಿಯಾಯಿತೆಂದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ. ಇಂಥ ಅಲಗನ್ನು ತಯಾರಿಸುವಾಗ ಮತ್ತೆ ಕಾಯಿಸಿ ಹದ ಕೊಡುವುದು ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ; ಅದನ್ನು ಮೀರಿ ಕಾದರೆ ಅಂಚು ಮೆತ್ತಗಾಗುತ್ತದೆ. ಚಿತ್ತಾರ ಅಳಿಸಿ ಊಟದ ತಟ್ಟೆಯಂತೆ ಥಳಥಳಿಸುವ ಚಾಕು ಕೈಗೆ ಬಂತು, ಒಂದು ವಾರದೊಳಗೆ ಈರುಳ್ಳಿ ಹೆಚ್ಚುವಾಗಲೇ ಅಂಚು ಮಡಚಿಕೊಂಡಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದು ಎಂಥ ಉಕ್ಕು ಎಂದು ನಾನೇ ಅವರಿಗೆ ಹೇಳಿರಲಿಲ್ಲ.

ತುಕ್ಕಿನ ಸಣ್ಣ ಚುಕ್ಕೆಗಳಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ, ನೆನೆಯಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿರಿ. ಹರಿತ ಮಾಡಬೇಕಾದರೆ ನೀರು ಹಾಕಿದ ಸಾಣೆಕಲ್ಲಿನ ಮೇಲೆ ಅಂಚನ್ನಷ್ಟೇ ಕೈಯಿಂದ ಉಜ್ಜಬೇಕು, ಅಲಗಿನ ಮೈಗೆ ಕಲ್ಲು ತಾಗಬಾರದು. ಬಳಸಿದ ಕೂಡಲೇ ತೊಳೆದು, ಹಿಡಿಯ ಸಂದಿಯವರೆಗೆ ಒಣಗಿಸಿ, ಅದೇ ಪ್ಯಾರಾಫಿನ್ನನ್ನು ತೆಳ್ಳಗೆ ಸವರಿ, ಒರೆಯಿಂದ ಹೊರಗೇ ಇಡಬೇಕು.

ಚಾಕು ತಯಾರಿಸುವವರೊಬ್ಬರು ನನ್ನದನ್ನು ಮತ್ತೆ ದ್ರಾವಣದಲ್ಲಿ ಅದ್ದಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಕೊಟ್ಟರು. ಬೆಸೆದ ಪದರಗಳು ನಿಜವಾಗಿದ್ದರಿಂದ ಚಿತ್ತಾರ ಮರಳಿತು. ಮೇಲೆ ಅಚ್ಚೊತ್ತಿದ್ದಾಗಿದ್ದರೆ ಮರಳುತ್ತಿರಲಿಲ್ಲ. ಅಂಚಿನ ಹದ ಮಾತ್ರ ಹಾಗೆ ಮರಳುವುದಿಲ್ಲ. ನೀಲಿಯಾದ ಭಾಗವನ್ನು ಈಗ ಪ್ರತಿ ಭಾನುವಾರ ಕಲ್ಲಿನ ಮೇಲೆ ಸ್ವಲ್ಪಸ್ವಲ್ಪವೇ ಸವೆಸುತ್ತಿದ್ದೇನೆ.