ಇಮೇಲ್ ಸಿಗ್ನೇಚರ್‌ನಲ್ಲಿ ಲೋಗೋ ಮತ್ತು ಡಿಜಿಟಲ್ ವಿಸಿಟಿಂಗ್ ಕಾರ್ಡ್: ಹಲವು ವರ್ಷಗಳ ಬಳಕೆಯ ನಂತರ

ಪುಣೆಯ ಭೋಸರಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಸಂಸ್ಥೆಯ ವ್ಯವಹಾರವು, ಕೊಟೇಶನ್‌ನಿಂದ ಹಿಡಿದು ಡ್ರಾಯಿಂಗ್‌ನ ತಿದ್ದುಪಡಿಯವರೆಗೆ, ಇಮೇಲ್‌ನಲ್ಲಿಯೇ ನಡೆಯುತ್ತದೆ. ಗಿರಾಕಿಗಳಲ್ಲಿ ಚಾಕಣದ ಕಾರ್ಖಾನೆಗಳವರೂ ಬೆಳಗಾವಿಯ ಫೌಂಡ್ರಿಗಳವರೂ ಇದ್ದಾರೆ. ಜಿಮೇಲ್‌ನ ಸಿಗ್ನೇಚರ್ (ಪತ್ರದ ಕೊನೆಗೆ ತಾನಾಗಿಯೇ ಸೇರುವ ಹೆಸರು, ವಿವರಗಳ ಸಾಲುಗಳು) ಸೌಲಭ್ಯವನ್ನು ಲೋಗೋ ಮತ್ತು ಡಿಜಿಟಲ್ ಕಾರ್ಡ್ ಸಮೇತ ಹಲವು ವರ್ಷ ಬಳಸಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯವೆಂದರೆ, ಚಿತ್ರ ಕಾಣಿಸದೆ ಹೋದರೂ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳು ಅಕ್ಷರರೂಪದಲ್ಲಿ ಓದಲು ಸಿಗುವಂತಿರಬೇಕು.

ಜಿಮೇಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಿಗ್ನೇಚರ್‌ಗಳನ್ನು ಇಟ್ಟುಕೊಂಡು, ಹೊಸ ಪತ್ರಕ್ಕೆ ಒಂದು, ಉತ್ತರಕ್ಕೆ ಇನ್ನೊಂದು ಎಂದು ನಿಗದಿ ಮಾಡಬಹುದು. ಲೋಗೋ ಇರುವುದನ್ನು ಹೊಸ ಪತ್ರಕ್ಕೂ, ಎರಡೇ ಸಾಲಿನದನ್ನು ಉತ್ತರಕ್ಕೂ ಇಟ್ಟಿದ್ದೇವೆ. ಬೆಳಗಾವಿಯವರಿಗೆಂದು ಕನ್ನಡದ ಸಿಗ್ನೇಚರ್ ಬೇರೆಯೇ ಇದೆ, ಅದನ್ನು ನೋಡಿ ಅಲ್ಲಿಯವರು ಕನ್ನಡದಲ್ಲಿಯೇ ಉತ್ತರಿಸುವುದು ನನಗೆ ಬಹಳ ಸಂತೋಷದ ಸಂಗತಿ.

ಚಿತ್ರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪತ್ರದೊಳಗೇ ಅಡಕವಾಗಿ ಹೋಗುವ ಲೋಗೋ ಕೆಲವು ಇಮೇಲ್ ತಂತ್ರಾಂಶಗಳಲ್ಲಿ ಅಟ್ಯಾಚ್‌ಮೆಂಟ್ ಆಗಿ ಕಾಣಿಸುತ್ತದೆ. ಡ್ರಾಯಿಂಗ್‌ಗಳ ನಡುವೆ ಅರ್ಥವಿಲ್ಲದ ಹೆಸರಿನ ಚಿತ್ರದ ಫೈಲುಗಳು ಸೇರಿಕೊಂಡರೆ, ಪರ್ಚೇಸ್ ವಿಭಾಗದವರು ಯಾವುದು ಬೇಕಾದ ಫೈಲ್ ಎಂದು ಒಂದೊಂದನ್ನೇ ತೆರೆದು ನೋಡಬೇಕಾಗುತ್ತದೆ. ಜಾಲತಾಣದಿಂದ ಲಿಂಕ್ ಮಾಡಿದ ಚಿತ್ರಕ್ಕೆ ಈ ತೊಂದರೆಯಿಲ್ಲ, ಆದರೆ ಔಟ್‌ಲುಕ್‌ನಂತಹ ತಂತ್ರಾಂಶಗಳು ಅಂತಹ ಚಿತ್ರವನ್ನು ಓದುಗರು ಅನುಮತಿಸುವವರೆಗೆ ತಡೆಹಿಡಿಯಬಹುದು. ಎರಡನ್ನೂ ತೂಗಿ ನೋಡಿ ನಾನು ಲಿಂಕ್ ಮಾಡಿದ ಚಿತ್ರವನ್ನೇ ಆರಿಸಿಕೊಂಡಿದ್ದೇನೆ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ 2007ರಿಂದ ಪತ್ರಗಳನ್ನು ತೋರಿಸಲು ವರ್ಡ್‌ನ ವ್ಯವಸ್ಥೆಯನ್ನು ಬಳಸುತ್ತದೆಯಾದ್ದರಿಂದ, ಚಿತ್ರದ ಅಗಲವನ್ನು, ಪತ್ರದ ರೂಪವನ್ನು ನಿಗದಿಪಡಿಸುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿಯೇ ನೇರವಾಗಿ ನಮೂದಿಸದಿದ್ದರೆ ಲೋಗೋ ಅಳತೆ ಮೀರಿ ಹಿಗ್ಗಬಹುದು. ಹಿನ್ನೆಲೆಯಿಲ್ಲದ ಕಪ್ಪು ಲೋಗೋ ಡಾರ್ಕ್ ಮೋಡ್‌ನಲ್ಲಿ ಕಾಣದಾಗುವುದರಿಂದ, ಅದರ ಸುತ್ತ ಬಿಳಿಯ ಅಂಚು ಇರುವುದು ಒಳ್ಳೆಯದು.

ಡಿಜಿಟಲ್ ಕಾರ್ಡಿಗೆ ನಾವು ಕೆಲಕಾಲ ಚಂದಾ ಕಟ್ಟಿ ಒಂದು ಸೇವೆಯನ್ನು ಬಳಸಿದೆವು. ನೋಟಕ್ಕೆ ಚೆನ್ನಾಗಿತ್ತು. ಆದರೆ ಅದರ ಕ್ಯೂಆರ್ ಕೋಡ್‌ನೊಳಗೆ ಇದ್ದದ್ದು ಆ ಸೇವೆಯ ವಿಳಾಸ. ಚಂದಾ ನಿಂತ ದಿನವೇ ಕಾರ್ಡೂ ನಿಂತುಹೋಯಿತು, ಆ ಕೋಡ್ ಮುದ್ರಿಸಿದ ಪೆಟ್ಟಿಗೆಗಳು ಮಾತ್ರ ಗೋದಾಮಿನಲ್ಲಿ ಉಳಿದವು. ಈಗ ವಿಕಾರ್ಡ್ ಫೈಲನ್ನು (ಹೆಸರು, ಸಂಖ್ಯೆ ಮುಂತಾದ ಸಂಪರ್ಕ ವಿವರಗಳನ್ನು ಇಡುವ ಫೈಲ್) ನಮ್ಮದೇ ಜಾಲತಾಣದಲ್ಲಿಟ್ಟು, ಸಿಗ್ನೇಚರ್‌ನಲ್ಲಿ ಅದರ ಲಿಂಕ್ ಕೊಡುತ್ತೇವೆ. ಒತ್ತಿದರೆ ಹೆಸರು, ಸಂಖ್ಯೆಗಳು ಫೋನಿನ ಕಾಂಟ್ಯಾಕ್ಟ್ಸ್‌ಗೆ ಸೇರುತ್ತವೆ. ವಿಕಾರ್ಡ್ ಸರಳ ಪಠ್ಯದ ಫೈಲ್ ಆಗಿರುವುದರಿಂದ ಯಾರ ಹಂಗೂ ಇಲ್ಲದೆ ನಾವೇ ತಿದ್ದಬಹುದು. 2011ರ 4.0 ಆವೃತ್ತಿ ಎಲ್ಲ ಲಿಪಿಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಎಂಬ ಸಂಕೇತಪದ್ಧತಿಯನ್ನು ಕಡ್ಡಾಯಗೊಳಿಸಿದೆ. ಹಳೆಯ ಫೋನುಗಳಿಗೂ ಹೊಂದಲೆಂದು ನಾವು 3.0 ಆವೃತ್ತಿಯನ್ನು ಯುಟಿಎಫ್-8ರಲ್ಲಿಯೇ ಉಳಿಸಿಕೊಂಡಿದ್ದೇವೆ, ಕನ್ನಡದ ಹೆಸರು ಸರಿಯಾಗಿಯೇ ಮೂಡುತ್ತದೆ.

ಇಡೀ ಕಾರ್ಡನ್ನು ಕ್ಯೂಆರ್ ಕೋಡ್‌ನೊಳಗೆ ತುಂಬುವುದನ್ನು, ಕನ್ನಡದಲ್ಲಿಯಂತೂ, ನಾನು ಒಪ್ಪುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಕಾಗುಣಿತದ ಚಿಹ್ನೆ, ಅರ್ಧಾಕ್ಷರ ಮತ್ತು ಒತ್ತಕ್ಷರಕ್ಕೆ ಬೇಕಾದ ವಿರಾಮ (್) ಚಿಹ್ನೆ ಒಂದೊಂದೂ 3 ಬೈಟ್ ತೆಗೆದುಕೊಳ್ಳುತ್ತದೆ. ‘ಬೆಳಗಾವಿ’ ಎಂಬ ಒಂದೇ ಪದಕ್ಕೆ 21 ಬೈಟ್ ಬೇಕು, ರೋಮನ್ ಲಿಪಿಯಲ್ಲಾದರೆ 8 ಸಾಕು. ಕೋಡ್ ಅಷ್ಟಷ್ಟು ದಟ್ಟವಾಗಿ, ಸಣ್ಣ ಗಾತ್ರದಲ್ಲಿ ಮುದ್ರಿಸಿದಾಗ ಕ್ಯಾಮೆರಾಕ್ಕೆ ಸಿಗುವುದು ಕಷ್ಟವಾಗುತ್ತದೆ. ಅಲ್ಲದೆ ಪತ್ರವನ್ನು ಫೋನಿನಲ್ಲಿಯೇ ಓದುವವರು ಅದೇ ಪರದೆಯ ಮೇಲಿನ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಹಿಡಿಯಲಾರರು. ಆದ್ದರಿಂದ ಸಿಗ್ನೇಚರ್‌ನಿಂದ ಅದನ್ನು ತೆಗೆದುಹಾಕಿ, ಪೆಟ್ಟಿಗೆಗಳ ಮೇಲೆ ಮಾತ್ರ ನಮ್ಮ ಜಾಲತಾಣದ ವಿಳಾಸವಿರುವ ಕೋಡ್ ಮುದ್ರಿಸುತ್ತೇವೆ.

ನೂರಾರು ನೌಕರರ ಸಿಗ್ನೇಚರ್‌ಗಳನ್ನು ಒಂದೇ ಕಡೆಯಿಂದ ಬದಲಿಸಬೇಕಾದ ದೊಡ್ಡ ಕಚೇರಿಗೆ ಚಂದಾ ಸೇವೆ ಉಪಯುಕ್ತವಾಗಬಹುದು. ನಮ್ಮಂತಹವರಿಗೆ ಜಿಮೇಲ್ ಮತ್ತು ಸ್ವಂತ ಜಾಲತಾಣ ಸಾಕು. ನನಗಿರುವ ಒಂದು ಕೊರತೆಯೆಂದರೆ, ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಬರೆದಿಡುವ ಸಿಗ್ನೇಚರ್‌ಗೆ ಬರಿಯ ಪಠ್ಯವಷ್ಟೇ ಅವಕಾಶವಿದೆ. ಗಿರಾಕಿಯ ಕಾರ್ಖಾನೆಯಲ್ಲಿ ನಿಂತೇ ಉತ್ತರ ಬರೆಯುವ ನಮ್ಮ ಹುಡುಗರಿಗಾಗಿ ವಿಕಾರ್ಡಿನ ವಿಳಾಸವನ್ನು ಚಿಕ್ಕದಾಗಿಸಿ, ಆ ಪಠ್ಯದ ಕೊನೆಯ ಸಾಲಿನಲ್ಲಿ ಸೇರಿಸಿದ್ದೇವೆ.