ಎಪ್ಸನ್ ಎಲ್3250: ಗೆರೆ ಕಂಡ ತಕ್ಷಣ ಹೆಡ್ ಕ್ಲೀನಿಂಗ್ ಒತ್ತಬೇಡಿ

ಮನೆಬಳಕೆಯ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಎಲ್3250 ಚಿರಪರಿಚಿತ ಮಾದರಿ. ಪ್ರಿಂಟ್, ಸ್ಕ್ಯಾನ್, ಝೆರಾಕ್ಸ್ ಮೂರೂ ಆಗುತ್ತದೆ, ವೈಫೈ ಇದೆ, 003 ನಂಬರಿನ ಬಾಟಲಿ ಇಂಕು ಹಾಕಿಕೊಳ್ಳಬೇಕು. ಕಪ್ಪು ಬಾಟಲಿಗೆ 4,500 ಪುಟ, ಮೂರು ಬಣ್ಣ ಸೇರಿ 7,500 ಪುಟ ಎನ್ನುವುದು ಕಂಪನಿಯ ಲೆಕ್ಕ. ಖರ್ಚಿನ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಪ್ರಿಂಟ್ ಮಸುಕಾದಾಗ, ಪುಟದಲ್ಲಿ ಬಿಳಿ ಗೆರೆ ಎದ್ದಾಗ ಇದರ ನಿಜವಾದ ಸ್ವಭಾವ ಗೊತ್ತಾಗುತ್ತದೆ.

ಹಾಳೆಯ ಮೇಲೆ ಇಂಕು ಉಗುಳುವ ಭಾಗವೇ ಹೆಡ್. ಇದರ ಹೆಡ್ಡಿನಲ್ಲಿ ಕಪ್ಪಿಗೆ 180 ತೂತು, ಉಳಿದ ಮೂರು ಬಣ್ಣಕ್ಕೆ ತಲಾ 59. ಇಂಕನ್ನು ಕಾಯಿಸುವುದಿಲ್ಲ, ವಿದ್ಯುತ್ ಕೊಟ್ಟಾಗ ಆಕಾರ ಬದಲಿಸುವ ಪೀಜೋ ಹರಳು ಒತ್ತಿ ಹನಿಯನ್ನು ಹೊರದಬ್ಬುತ್ತದೆ. ಹಾಗಾಗಿ ಹೆಡ್ ಬಹುಕಾಲ ಬಾಳುತ್ತದೆ, ಆದರೆ ಅದು ಯಂತ್ರದ ಭಾಗವೇ. ಕ್ಯಾನನ್ ಜಿ ಸರಣಿಯ ಹಲವು ಮಾದರಿಗಳಲ್ಲಿ ಹೆಡ್ಡನ್ನು ಕೈಯಲ್ಲೇ ತೆಗೆದು ಹೊಸದು ಹಾಕಬಹುದು. ಇಲ್ಲಿ ಹಾಗಿಲ್ಲ. ಹೆಡ್ ಕೆಟ್ಟರೆ ಸರ್ವಿಸ್ ಸೆಂಟರೇ ಗತಿ, ಅಲ್ಲಿ ಹೇಳುವ ಮೊತ್ತ ಕೇಳಿದ ಮೇಲೆ ಹೊಸ ಪ್ರಿಂಟರ್ ಕೊಳ್ಳುವ ಯೋಚನೆ ಬಂದರೆ ಆಶ್ಚರ್ಯವಿಲ್ಲ.

ಗೆರೆ ಕಂಡಾಗ ಮೊದಲು ಮಾಡಬೇಕಾದದ್ದು ನಾಝಲ್ ಚೆಕ್, ಅಂದರೆ ಹೆಡ್ಡಿನ ತೂತುಗಳಿಂದ ಇಂಕು ಸರಿಯಾಗಿ ಬರುತ್ತಿದೆಯೇ ಎಂಬ ಪರೀಕ್ಷೆ. ಕಂಪ್ಯೂಟರಿನಲ್ಲಿ ಪ್ರಿಂಟಿಂಗ್ ಪ್ರಿಫರೆನ್ಸಸ್ ತೆರೆದು ಮೇಂಟೆನೆನ್ಸ್ ಟ್ಯಾಬಿಗೆ ಹೋದರೆ ಸಿಗುತ್ತದೆ. ಒಂದು ಎ4 ಹಾಳೆ ಸಾಕು. ಬರುವ ಸಣ್ಣ ಗೆರೆಗಳಲ್ಲಿ ಎಲ್ಲಿ ತುಂಡಾಗಿದೆ ಎಂದು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಹಳದಿಯ ತುಂಡು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಗೆರೆಗಳು ಪೂರ್ತಿ ಇದ್ದರೆ ಹೆಡ್ ಸರಿಯಿದೆ ಎಂದರ್ಥ. ಆಮೇಲೂ ಹೆಡ್ ಕ್ಲೀನಿಂಗ್, ಅಂದರೆ ಇಂಕು ಹರಿಸಿ ತೂತು ಬಿಡಿಸುವ ಕೆಲಸ, ಮಾಡುವುದು ಇಂಕನ್ನು ಮೋರಿಗೆ ಸುರಿದಂತೆ.

ಹೆಡ್ ಸರಿಯಿದ್ದೂ ಪ್ರಿಂಟ್ ಕೆಟ್ಟಿದ್ದರೆ ಕಾಗದದ ಮೇಲೆ, ಸೆಟ್ಟಿಂಗಿನ ಮೇಲೆ ಅನುಮಾನಪಡಿ. ಪೇಪರ್ ಟೈಪ್ ಏನೆಂದು ಹೇಳುತ್ತೀರೋ ಅದಕ್ಕೆ ತಕ್ಕಷ್ಟೇ ಇಂಕನ್ನು ಪ್ರಿಂಟರ್ ಬಿಡುತ್ತದೆ. ಫೋಟೋ ಪೇಪರ್ ಇಟ್ಟು ಪ್ಲೇನ್ ಪೇಪರ್ ಎಂದು ಬಿಟ್ಟರೆ ಚಿತ್ರ ಮಂಕು. ಸಾದಾ ಹಾಳೆ ಇಟ್ಟು ಗ್ಲಾಸಿ ಎಂದರೆ ಹಾಳೆ ಒದ್ದೆಯಾಗಿ ಸುಕ್ಕುಗಟ್ಟಿ ಹೆಡ್ಡಿಗೆ ತಾಗುತ್ತದೆ, ಪುಟದ ತುಂಬ ಮಸಿ. ಲೇಸರ್ ಪ್ರಿಂಟರಿನ ಗ್ಲಾಸಿ ಹಾಳೆ ಹಾಕಿದರಂತೂ ಇಂಕು ಹೀರಿಕೊಳ್ಳದೆ ಮೇಲೆಯೇ ನಿಲ್ಲುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ರಿಮ್ಮಿನ ಹಾಳೆಗೆ ತೇವ ಏರಿ ಅಕ್ಷರದ ಅಂಚು ಹರಡುತ್ತದೆ. ಹಿಂದಿನ ಟ್ರೇ ನೂರು ಹಾಳೆ ಹಿಡಿಯುತ್ತದೆಂದು ನೂರನ್ನೂ ಅಲ್ಲೇ ಬಿಡಬೇಡಿ. ಇಪ್ಪತ್ತು ಹಾಳೆ ಇಟ್ಟು ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಕನ್ನಡ ಪಠ್ಯಕ್ಕೆ ಡ್ರಾಫ್ಟ್ ಮೋಡ್ ಬೇಡವೇ ಬೇಡ. ಚುಕ್ಕೆ ಉಳಿಸುವ ಭರದಲ್ಲಿ ಅದು ಒತ್ತಕ್ಷರಗಳನ್ನೇ ತಿನ್ನುತ್ತದೆ. 10 ಪಾಯಿಂಟಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಕೆಳಭಾಗ ಕಲಸಿಹೋಗುತ್ತದೆ. ಪಹಣಿ, ಹಾಲ್ ಟಿಕೆಟ್‌ಗೆ ಸ್ಟ್ಯಾಂಡರ್ಡ್ ಇರಲಿ. 5760 × 1440 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಎಂದು ಡಬ್ಬದ ಮೇಲೆ ಎಷ್ಟೇ ಬರೆದರೂ ಸಾದಾ ಹಾಳೆಯಲ್ಲಿ ಅದನ್ನು ಕಾಣಲಾರಿರಿ.

ನಾಝಲ್ ಚೆಕ್ಕಿನಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಹೆಡ್ ಕ್ಲೀನಿಂಗ್. ಸ್ಟಾಪ್ ಬಟನನ್ನು ಐದು ಸೆಕೆಂಡು, ಪವರ್ ದೀಪ ಮಿನುಗುವವರೆಗೆ, ಒತ್ತಿ ಹಿಡಿದರೂ ಶುರುವಾಗುತ್ತದೆ. ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್, ಹೀಗೆ ಮೂರು ಸಲ. ಅಷ್ಟಕ್ಕೂ ಬಗ್ಗದಿದ್ದರೆ ನಿಲ್ಲಿಸಿ. ಕನಿಷ್ಠ 12 ಗಂಟೆ ಏನನ್ನೂ ಪ್ರಿಂಟ್ ಮಾಡದೆ ಬಿಟ್ಟು ಮತ್ತೆ ನಾಝಲ್ ಚೆಕ್ ಮಾಡಬೇಕು, ಬೇಕಿದ್ದರೆ ಮತ್ತೆ ಕ್ಲೀನಿಂಗ್. ಈ ಕಾಯುವ ಹಂತವನ್ನೇ ಎಲ್ಲರೂ ನುಂಗಿಹಾಕುವುದು. ಒಂದರ ಹಿಂದೊಂದು ಹತ್ತು ಸಲ ಕ್ಲೀನಿಂಗ್ ಮಾಡಿದರೆ ಇಂಕು ಖಾಲಿ, ಜೊತೆಗೆ ಅಷ್ಟೂ ಇಂಕು ವ್ಯರ್ಥ ಇಂಕು ಹೀರಿಕೊಳ್ಳುವ ಒಳಗಿನ ಇಂಕ್ ಪ್ಯಾಡಿಗೆ ಸೇರುತ್ತದೆ. ಪ್ಯಾಡ್ ತುಂಬಿತೆಂದು ಯಂತ್ರ ಲೆಕ್ಕ ಹಾಕಿದ ದಿನ ಪ್ರಿಂಟ್ ನಿಲ್ಲುತ್ತದೆ.

ಕೊನೆಯ ಅಸ್ತ್ರ ಪವರ್ ಕ್ಲೀನಿಂಗ್. ಕೊಳವೆಗಳಲ್ಲಿರುವ ಇಂಕನ್ನೆಲ್ಲ ಹೊರಹಾಕಿ ಹೊಸದನ್ನು ತುಂಬುತ್ತದೆ. ಇಂಕು ಟ್ಯಾಂಕಿನ ಕೆಳಗೆರೆಗಿಂತ (ಕನಿಷ್ಠ ಮಟ್ಟದ ಗುರುತು) ಇಳಿದು ಕೊಳವೆಗೆ ಗಾಳಿ ಹೊಕ್ಕಿದ್ದರೆ ಇದೇ ಮದ್ದು. ಶುರುಮಾಡುವ ಮೊದಲು ಪ್ರತಿ ಟ್ಯಾಂಕೂ ಕನಿಷ್ಠ ಮೂರನೇ ಒಂದು ಭಾಗ ತುಂಬಿರಲೇಬೇಕು. ಇನ್ನೊಮ್ಮೆ ಮಾಡಲು ಮತ್ತೆ 12 ಗಂಟೆ ಬಿಡಬೇಕು. ಸಿರಿಂಜಿನಲ್ಲಿ ದ್ರಾವಣ ಒತ್ತುವ ಕಿಟ್‌ಗಳ ತಂಟೆಗೆ ಹೋಗದಿರುವುದು ಲೇಸು. ಒತ್ತಡ ಹೆಚ್ಚಾದರೆ ಇದ್ದ ಹೆಡ್ಡೂ ಹೋದೀತು.

ಸುಮಾರು 2.5 ಸೆಂಟಿಮೀಟರಿಗೊಂದರಂತೆ ಅಡ್ಡಪಟ್ಟಿ ಬರುತ್ತಿದ್ದರೆ ಪೇಪರ್ ಟೈಪ್ ನೋಡಿ, ಆಮೇಲೆ ಹೆಡ್ಡನ್ನು ಸಾಲಿಗೆ ತರುವ ಹಾರಿಜಾಂಟಲ್ ಅಲೈನ್‌ಮೆಂಟ್ ಮಾಡಿ. ಉದ್ದಗೆರೆ ಎರಡೆರಡಾಗಿ ಕಂಡರೆ ವರ್ಟಿಕಲ್ ಅಲೈನ್‌ಮೆಂಟ್. ಅದಕ್ಕೂ ಬಗ್ಗದಿದ್ದರೆ ಬೈಡೈರೆಕ್ಷನಲ್ ಪ್ರಿಂಟಿಂಗ್ (ಹೆಡ್ ಹೋಗುವಾಗಲೂ ಬರುವಾಗಲೂ ಮುದ್ರಿಸುವುದು) ತೆಗೆದುಬಿಡಿ, ನಿಧಾನವಾದರೂ ಗೆರೆ ನೆಟ್ಟಗೆ ಬರುತ್ತದೆ. ಝೆರಾಕ್ಸಿನಲ್ಲಿ ಮಾತ್ರ ಕಲೆ ಬಂದರೆ ಸ್ಕ್ಯಾನರ್ ಗಾಜು ಒರೆಸಿ. ಹಾಳೆಗೆ ಮಸಿ ಮೆತ್ತುತ್ತಿದ್ದರೆ ಗಾಜಿನ ಮೇಲೆ ಏನನ್ನೂ ಇಡದೆ ನಾಲ್ಕೈದು ಕಾಪಿ ಹೊಡೆಯಿರಿ, ಒಳಗಿನ ರೋಲರ್ ಶುದ್ಧವಾಗುತ್ತದೆ. ಒಳಗೆ ಟಿಶ್ಯೂ ತೂರಿಸಬೇಡಿ, ಅದರ ನಾರೇ ಹೆಡ್ಡಿಗೆ ಕಟ್ಟಿಕೊಳ್ಳುತ್ತದೆ. ಅಡ್ಡಕ್ಕೆ ಚಾಚಿರುವ ಪಾರದರ್ಶಕ ಪಟ್ಟಿಯನ್ನಂತೂ ಮುಟ್ಟಲೇಬೇಡಿ.

ಕೊಳ್ಳುವವರಿಗೆ ಒಂದು ಮಾತು. ವಾರಕ್ಕೊಂದಾದರೂ ಬಣ್ಣದ ಪುಟ ಹೊಡೆಯುವ ಮನೆಗೆ ಇದು ಒಳ್ಳೆಯ ಯಂತ್ರ. ವರ್ಷಕ್ಕೆ ನಾಲ್ಕು ಅರ್ಜಿ ಪ್ರಿಂಟ್ ಮಾಡುವವರು ಲೇಸರ್ ನೋಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ತೂತುಗಳು ಒಣಗಿ ಕಟ್ಟಿಕೊಳ್ಳುತ್ತವೆ. ಪ್ರಿಂಟರನ್ನು ಅದರ ಬಟನಿನಿಂದಲೇ ಆರಿಸಿ, ಗೋಡೆಯ ಸ್ವಿಚ್ಚಿನಿಂದಲ್ಲ. ಬಟನ್ ಒತ್ತಿದಾಗ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ನಡುವೆ ಕರೆಂಟು ಹೋದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಬಟನಿನಿಂದ ಆಫ್ ಮಾಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫೋಟೋ ಪ್ರಿಂಟ್ ತೋರಿಸಿದರೆ ಮರುಳಾಗಬೇಡಿ. ನಾಝಲ್ ಚೆಕ್ ಹಾಳೆಯನ್ನು ನಿಮ್ಮೆದುರೇ ತೆಗೆಸಿ, ನಾಲ್ಕು ಟ್ಯಾಂಕಿನ ಮಟ್ಟವೂ ಕೆಳಗೆರೆಯ ಮೇಲಿದೆಯೇ ನೋಡಿ, ಆಮೇಲೆ ದುಡ್ಡಿನ ಮಾತಾಡಿ.